ಕೈ ತೊಳೆಯುವ ವಿದ್ಯೆ: ವೈದ್ಯ ವಿದ್ಯಾರ್ಥಿಗಳು ಮತ್ತು ಆಸ್ಪತ್ರೆಯ ಸೋಂಕು

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಹಳೆಯ ನೆನಪುಗಳನ್ನು ಬರೆಯುವುದೋ ವೃತ್ತಿಗೆ ಸಂಬಂಧಿಸಿದ ವಿಚಾರವನ್ನು ಬರೆಯುವುದೋ ಎಂಬ ಜಿಜ್ಞಾಸೆ ನನ್ನಲ್ಲಿ ಮೂಡಿತು. ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಈ ಶಾಲೆಯಲ್ಲಿ ಅಕ್ಷರ ಕಲಿತು ಹೋದ ನಾನು ಮುಂದೆ ವೈದ್ಯನಾಗಿ, ಸೂಕ್ಷ್ಮಜೀವಿ ಶಾಸ್ತ್ರದ ಅಧ್ಯಾಪಕನಾಗಿ ಹಲವು ವರ್ಷಗಳಿಂದ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಆ ಪಾಠಗಳಲ್ಲಿ ಅತ್ಯಂತ ಸರಳವಾದುದನ್ನೂ, ಕಲಿಸಲು ಅತ್ಯಂತ ಕಠಿಣವಾದುದನ್ನೂ ಇಲ್ಲಿ ಹೇಳಬಯಸುತ್ತೇನೆ. ಅದು ಕೈ ತೊಳೆಯುವ ಪಾಠ.

ಇದನ್ನು ಆಯ್ದುಕೊಳ್ಳಲು ಕಾರಣವಿದೆ. ಕಾಸರಗೋಡಿನ ಈ ಗಡಿನಾಡಿನಲ್ಲಿ ಹಳೆ ವಿದ್ಯಾರ್ಥಿಗಳ ಮಕ್ಕಳನೇಕರು ಇಂದು ಮಂಗಳೂರಿನಲ್ಲಿ, ಕೇರಳದ ಇತರ ಊರುಗಳಲ್ಲಿ ವೈದ್ಯಕೀಯ, ದಾದಿ ಶಿಕ್ಷಣ, ಪ್ರಯೋಗಾಲಯ ತಂತ್ರಜ್ಞಾನ ಮುಂತಾದವುಗಳನ್ನು ಕಲಿಯುತ್ತಿದ್ದಾರೆ. ಇನ್ನು ರೋಗಿಯಾಗಿಯೋ ರೋಗಿಯ ಆರೈಕೆಗೆ ನಿಂತವರಾಗಿಯೋ ಆಸ್ಪತ್ರೆಯ ಮೆಟ್ಟಿಲು ಹತ್ತದ ಮನೆ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಕಾಯಿಲೆ ಗುಣವಾಗಲೆಂದು ಹೋದ ಕಡೆಯಲ್ಲಿ ಹೊಸ ಕಾಯಿಲೆಯೊಂದನ್ನು ಅಂಟಿಸಿಕೊಂಡು ಬರುವುದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಯಾವುದಿದೆ? ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶ್ರೀಮಂತ ರಾಷ್ಟ್ರಗಳಲ್ಲಿ ತೀವ್ರ ಚಿಕಿತ್ಸೆಗೆಂದು ಆಸ್ಪತ್ರೆ ಸೇರುವ ಪ್ರತಿ 100 ರೋಗಿಗಳಲ್ಲಿ 7 ಮಂದಿಗೆ, ಕಡಿಮೆ ಮತ್ತು ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ 15 ಮಂದಿಗೆ, ಆಸ್ಪತ್ರೆಯಲ್ಲಿರುವಾಗಲೇ ಕನಿಷ್ಠ ಒಂದು ಹೊಸ ಸೋಂಕು ತಗಲುತ್ತದೆ. ಕೈಯ ಶುಚಿತ್ವವೇ ಮೊದಲಾದ ಅಲ್ಪ ವೆಚ್ಚದ ಕ್ರಮಗಳಿಂದ ಇಂತಹ ಸೋಂಕುಗಳಲ್ಲಿ ಶೇಕಡಾ 70ರಷ್ಟನ್ನು ತಡೆಯಲು ಸಾಧ್ಯವೆಂದೂ ಆ ವರದಿ ಹೇಳುತ್ತದೆ.

ವಿಯೆನ್ನಾದ ಎರಡು ವಾರ್ಡುಗಳು

ವೈದ್ಯ ವಿದ್ಯಾರ್ಥಿಗಳ ಕೈಗೂ ರೋಗಿಗಳ ಸಾವಿಗೂ ಇರುವ ಸಂಬಂಧವು ಮೊದಲ ಬಾರಿಗೆ ಲೆಕ್ಕಾಚಾರದಿಂದ ಸಿದ್ಧವಾದದ್ದು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ. ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. 1840ರಿಂದ ಮೊದಲನೆಯದನ್ನು ವೈದ್ಯ ವಿದ್ಯಾರ್ಥಿಗಳ ತರಬೇತಿಗೂ, ಎರಡನೆಯದನ್ನು ಸೂಲಗಿತ್ತಿಯರ ತರಬೇತಿಗೂ ಮೀಸಲಿಡಲಾಯಿತು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ 3,754 ಹೆರಿಗೆಗಳಾಗಿ ಸತ್ತವರು 105 ಮಂದಿ. ಸಾವಿಗೆ ಮುಖ್ಯ ಕಾರಣ ಬಾಣಂತಿ ಜ್ವರ. ಈ ವ್ಯತ್ಯಾಸವು ಊರಿನ ಬಡ ಹೆಂಗಸರಿಗೂ ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರಂತೆ.

1846ರಲ್ಲಿ ಆ ವಿಭಾಗದಲ್ಲಿ ಸಹಾಯಕ ವೈದ್ಯನಾಗಿ ನಿಯುಕ್ತನಾದವನು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ತರುಣ. ಆತನು ಒಂದೊಂದೇ ಕಾರಣವನ್ನು ತೂಗಿ ನೋಡಿದನು. ಜನಸಂದಣಿಯೇ ಕಾರಣವೆನ್ನೋಣವೆಂದರೆ ಎರಡನೆಯ ವಿಭಾಗದಲ್ಲೇ ಸಂದಣಿ ಹೆಚ್ಚು. ಹವೆಯೇ ಕಾರಣವೆನ್ನೋಣವೆಂದರೆ ಎರಡು ವಿಭಾಗಗಳಿಗೂ ಒಂದೇ ಹವೆ. ಸಾಯುವವರಿಗೆ ಸಂಸ್ಕಾರ ನೀಡಲು ಗಂಟೆ ಬಾರಿಸುತ್ತ ಬರುವ ಪಾದ್ರಿಯ ಭಯವೇ ಕಾರಣವಿರಬಹುದೆಂದು ಆ ಗಂಟೆಯನ್ನೂ ನಿಲ್ಲಿಸಿ ನೋಡಿದ್ದಾಯಿತು, ಸಾವು ನಿಲ್ಲಲಿಲ್ಲ. ಆಸ್ಪತ್ರೆಗೆ ಬರುವ ಮುನ್ನ ದಾರಿಯಲ್ಲೇ ಹೆತ್ತವರು ಬದುಕುತ್ತಿದ್ದರು, ಒಳಗೆ ಬಂದು ಹೆತ್ತವರು ಸಾಯುತ್ತಿದ್ದರು.

1847ರ ಮಾರ್ಚ್ ತಿಂಗಳಲ್ಲಿ ಆತನ ಮಿತ್ರನಾಗಿದ್ದ ಕೊಲೆಚ್ಕ ಎಂಬ ಪ್ರಾಧ್ಯಾಪಕನು ಮೃತನಾದನು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಗಲಿತ್ತು. ಅವನ ದೇಹದಲ್ಲಿ ಕಂಡ ಬದಲಾವಣೆಗಳು ಬಾಣಂತಿ ಜ್ವರದಿಂದ ಸತ್ತವರಲ್ಲಿ ಕಂಡವುಗಳಂತೆಯೇ ಇದ್ದವು. ಸೆಮ್ಮೆಲ್‌ವೈಸ್‌ಗೆ ಎಲ್ಲವೂ ಸ್ಪಷ್ಟವಾಯಿತು. ವೈದ್ಯ ವಿದ್ಯಾರ್ಥಿಗಳು ಬೆಳಗ್ಗೆ ಶವಾಗಾರದಲ್ಲಿ ಶವವನ್ನು ಕೊಯ್ದು ಅದೇ ಕೈಯಲ್ಲಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಶವವನ್ನು ಮುಟ್ಟುತ್ತಿರಲಿಲ್ಲ. ಸಾಬೂನಿನಿಂದ ತೊಳೆದರೂ ಹೋಗದ ಶವದ ವಾಸನೆ ಕೈಯಲ್ಲಿ ಉಳಿಯುತ್ತಿದ್ದುದರಿಂದ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ, ಎಂದರೆ ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಂತಹ ದ್ರಾವಣದಲ್ಲಿ, ಕೈ ತೊಳೆದೇ ವಾರ್ಡಿಗೆ ಬರತಕ್ಕದ್ದೆಂದು 1847ರ ಮೇ ತಿಂಗಳಲ್ಲಿ ಆತನು ನಿಯಮ ಮಾಡಿದನು. ಏಪ್ರಿಲಿನಲ್ಲಿ ಶೇಕಡಾ 18ನ್ನು ದಾಟಿದ್ದ ಸಾವಿನ ಪ್ರಮಾಣವು ಜೂನಿನಲ್ಲಿ ಶೇಕಡಾ 2ರ ಆಸುಪಾಸಿಗೆ ಇಳಿಯಿತು. 1848ರ ಇಡೀ ವರ್ಷದಲ್ಲಿ 3,556 ಹೆರಿಗೆಗಳಿಗೆ 45 ಸಾವು. ಅದರಲ್ಲಿ ಎರಡು ತಿಂಗಳು ಒಂದು ಸಾವೂ ಇಲ್ಲ.

ಈ ನಡುವೆ, 1847ರ ಅಕ್ಟೋಬರಿನಲ್ಲಿ ನಡೆದ ಘಟನೆಯೊಂದು ಇನ್ನೊಂದು ಪಾಠವನ್ನು ಕಲಿಸಿತು. ಗರ್ಭಕೋಶದ ಕ್ಯಾನ್ಸರಿನಿಂದ ಕೊಳೆತ ಸ್ರಾವವಿದ್ದ ಹೆಂಗಸೊಬ್ಬಳನ್ನು ಮೊದಲು ಪರೀಕ್ಷಿಸಿ, ಬರಿಯ ಸಾಬೂನಿನಲ್ಲಿ ಕೈ ತೊಳೆದು ಉಳಿದವರನ್ನು ಪರೀಕ್ಷಿಸಲಾಯಿತು. ಜೊತೆಗೆ ಹೆತ್ತ 12 ಮಂದಿಯಲ್ಲಿ 11 ಮಂದಿ ತೀರಿಕೊಂಡರು. ನಂಜು ಬರುವುದು ಶವದಿಂದ ಮಾತ್ರವಲ್ಲ, ಬದುಕಿರುವ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೂ ವೈದ್ಯನ ಕೈಯೇ ಅದನ್ನು ಸಾಗಿಸುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ಅಂದಿನ ಅನೇಕ ಹಿರಿಯ ವೈದ್ಯರು ಇದನ್ನು ಒಪ್ಪಲಿಲ್ಲ. ಪ್ರಾಣ ಉಳಿಸುವ ತಮ್ಮ ಕೈಯೇ ಪ್ರಾಣ ತೆಗೆಯುತ್ತದೆಂದು ಒಪ್ಪುವುದು ಸುಲಭವಲ್ಲ. ಸೆಮ್ಮೆಲ್‌ವೈಸನು 1861ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, 1865ರಲ್ಲಿ, 47ನೆಯ ವಯಸ್ಸಿನಲ್ಲಿ, ಮಾನಸಿಕ ಆಸ್ಪತ್ರೆಯೊಂದರಲ್ಲಿ ಗಾಯದ ನಂಜಿನಿಂದಲೇ ತೀರಿಕೊಂಡನು. ಲೂಯಿ ಪಾಶ್ಚರ್, ಜೋಸೆಫ್ ಲಿಸ್ಟರ್ ಮುಂತಾದವರ ಸಂಶೋಧನೆಗಳು ಬೆಳಕಿಗೆ ಬಂದ ಮೇಲೆ ಲೋಕವು ಅವನ ಮಾತನ್ನು ಸತ್ಯವೆಂದು ಒಪ್ಪಿತು.

ಅಂಗೈಯಲ್ಲಿ ಏನಿದೆ?

ನಮ್ಮ ಚರ್ಮದ ಮೇಲೆ ಎರಡು ಬಗೆಯ ಸೂಕ್ಷ್ಮಜೀವಿಗಳು ಇರುತ್ತವೆ. ಒಂದು ಬಗೆಯವು ಮನೆಯ ಒಕ್ಕಲಿನಂತೆ ಚರ್ಮದ ಆಳದಲ್ಲಿ ಸ್ಥಿರವಾಗಿ ನೆಲೆಸಿರುವವು. ಸಾಮಾನ್ಯವಾಗಿ ಇವುಗಳಿಂದ ಅಪಾಯವಿಲ್ಲ. ಇನ್ನೊಂದು ಬಗೆಯವು ದಾರಿಹೋಕರಂತೆ ರೋಗಿಯಿಂದಲೋ ಮಂಚದ ಸರಳಿನಿಂದಲೋ ಬಂದು ಕೈಗೆ ಹತ್ತಿಕೊಂಡವು. ಆಸ್ಪತ್ರೆಯಲ್ಲಿ ಕೇಡು ಮಾಡುವವು ಬಹುಮಟ್ಟಿಗೆ ಈ ದಾರಿಹೋಕರೇ. ಒಳ್ಳೆಯ ಸುದ್ದಿಯೆಂದರೆ, ತೊಳೆದರೆ ಸುಲಭವಾಗಿ ಹೋಗುವವುಗಳೂ ಇವೇ. ಸ್ಟಫಿಲೋಕಾಕಸ್, ಕ್ಲೆಬ್ಸಿಯೆಲ್ಲ, ಅಸಿನಿಟೋಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಗಳು ಒಣಗಿದ ಮೇಜು, ಮಂಚ, ಬಾಗಿಲ ಹಿಡಿಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಇವುಗಳಲ್ಲಿ ಹಲವು ತಳಿಗಳು ಇಂದು ಬಲವಾದ ಆ್ಯಂಟಿಬಯೋಟಿಕ್ ಔಷಧಗಳಿಗೂ ಜಗ್ಗುವುದಿಲ್ಲ. ಔಷಧ ಸೋತಾಗ ಉಳಿಯುವ ಆಯುಧವೆಂದರೆ ಸೋಂಕನ್ನು ದಾಟಗೊಡದಿರುವುದು.

ಹೊಸ ವಿದ್ಯಾರ್ಥಿಗಳಿಗೆ ನಾನು ಎರಡು ಪ್ರಯೋಗಗಳನ್ನು ಮಾಡಿಸುತ್ತೇನೆ. ಮೊದಲನೆಯದರಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗರ್ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ತೊಳೆಯದ ಬೆರಳು, ಬರಿ ನೀರಿನಲ್ಲಿ ತೊಳೆದ ಬೆರಳು, ಸಾಬೂನಿನಲ್ಲಿ ತೊಳೆದ ಬೆರಳು, ಆಲ್ಕೋಹಾಲು ಹಚ್ಚಿ ಉಜ್ಜಿದ ಬೆರಳು ಎಂದು ಅಚ್ಚೊತ್ತಿಸುತ್ತೇನೆ. ಮರುದಿನ ತಟ್ಟೆಯನ್ನು ತೆರೆದಾಗ ಮಕ್ಕಳ ಮುಖ ನೋಡಬೇಕು. ಕಣ್ಣಿಗೆ ಶುಭ್ರವಾಗಿ ಕಂಡಿದ್ದ ಬೆರಳಿನ ಅಚ್ಚಿನಲ್ಲಿ ಗೋಧಿಹಿಟ್ಟು ಚೆಲ್ಲಿದಂತೆ ಚುಕ್ಕೆಗಳು ಮೂಡಿರುತ್ತವೆ. ಎರಡನೆಯದರಲ್ಲಿ ಕೈಗವಸು ತೊಡಿಸಿ, ಕಣ್ಣು ಕಟ್ಟಿ, ಅಂಗೈಗೆ ಬಣ್ಣ ಸುರಿದು, ಸಾಬೂನಿನಂತೆ ಹಚ್ಚಿಕೊಳ್ಳಿರಿ ಎನ್ನುತ್ತೇನೆ. ಕಟ್ಟು ಬಿಚ್ಚಿದಾಗ ಬಣ್ಣ ಹತ್ತದೆ ಉಳಿದ ಜಾಗಗಳು ಸಾಮಾನ್ಯವಾಗಿ ಇವೇ: ಹೆಬ್ಬೆರಳು, ಬೆರಳ ತುದಿಗಳು, ಬೆರಳ ಸಂದುಗಳು. ರೋಗಿಯನ್ನು ನಾವು ಹೆಚ್ಚಾಗಿ ಮುಟ್ಟುವುದು ಬೆರಳ ತುದಿಗಳಿಂದ ಎಂಬುದನ್ನು ಆಗ ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಯಾವಾಗ ತೊಳೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ಐದು ಸಂದರ್ಭಗಳನ್ನು ಹೆಸರಿಸಿದೆ. ರೋಗಿಯನ್ನು ಮುಟ್ಟುವ ಮೊದಲು. ಚುಚ್ಚುಮದ್ದು, ಗಾಯಕಟ್ಟು ಮೊದಲಾದ ಶುದ್ಧ ಕಾರ್ಯಕ್ಕೆ ಮೊದಲು. ರಕ್ತ, ಕಫ, ಮೂತ್ರ ಮುಂತಾದ ದೇಹದ್ರವಗಳ ಸಂಪರ್ಕವಾದ ಬಳಿಕ. ರೋಗಿಯನ್ನು ಮುಟ್ಟಿದ ಬಳಿಕ. ರೋಗಿಯ ಹಾಸಿಗೆ, ಮಂಚ, ಮೇಜುಗಳನ್ನು ಮುಟ್ಟಿದ ಬಳಿಕ. ಇವುಗಳಲ್ಲಿ ಮೊದಲಿನ ಎರಡು ರೋಗಿಯ ರಕ್ಷಣೆಗೆ, ಕೊನೆಯ ಮೂರು ನಮ್ಮ ಮತ್ತು ಇತರರ ರಕ್ಷಣೆಗೆ. ಅನೇಕ ವಿದ್ಯಾರ್ಥಿಗಳು ರಕ್ತ ತಾಗಿದ ಬಳಿಕ ತಪ್ಪದೆ ತೊಳೆಯುತ್ತಾರೆ. ರೋಗಿಯನ್ನು ಮುಟ್ಟುವ ಮೊದಲು ಮರೆಯುತ್ತಾರೆ. ತಮಗೆ ಅಸಹ್ಯವೆನಿಸಿದಾಗ ತೊಳೆಯುವುದು ಎಲ್ಲರಿಗೂ ಸಹಜವಾದ ಗುಣ. ತಾನು ಶುಭ್ರವೆಂದು ತೋರುವಾಗಲೂ ಇನ್ನೊಬ್ಬರಿಗಾಗಿ ತೊಳೆಯುವುದು ಕಲಿತು ಬರಬೇಕಾದ ಗುಣ.

ಕೈ ಕೊಳೆಯಾಗಿ ಕಾಣದಿದ್ದರೆ ಆಲ್ಕೋಹಾಲಿನ ದ್ರಾವಣವನ್ನು 20ರಿಂದ 30 ಸೆಕೆಂಡು ಉಜ್ಜಿಕೊಂಡರೆ ಸಾಕು. ಕೊಳೆ ಕಂಡರೆ ಸಾಬೂನು ಮತ್ತು ನೀರಿನಿಂದ, ಒರೆಸಿಕೊಳ್ಳುವುದೂ ಸೇರಿ, 40ರಿಂದ 60 ಸೆಕೆಂಡು ಬೇಕು. ಕೆಲವು ಬಗೆಯ ಭೇದಿಯನ್ನು ಉಂಟುಮಾಡುವ ಕ್ಲಾಸ್ಟ್ರಿಡಿಯಮ್ ಜಾತಿಯ ಬೀಜಾಣುಗಳನ್ನು ಆಲ್ಕೋಹಾಲು ಕೊಲ್ಲಲಾರದು. ಅಲ್ಲಿಯೂ ಸಾಬೂನು ನೀರೇ ಗತಿ.

ತಿಳಿದೂ ಮಾಡದಿರುವುದೇಕೆ?

ಪರೀಕ್ಷೆಯಲ್ಲಿ ಈ ಐದು ಸಂದರ್ಭಗಳನ್ನು ಬರೆಯಿರಿ ಎಂದರೆ ನೂರಕ್ಕೆ ನೂರು ಅಂಕ ಗಳಿಸುವ ವಿದ್ಯಾರ್ಥಿಯೇ ವಾರ್ಡಿನಲ್ಲಿ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಕೈ ತೊಳೆಯದೆ ನಡೆಯುವುದನ್ನು ನಾನು ಕಂಡಿದ್ದೇನೆ. ಇದು ಕೇವಲ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾದ ಆಸ್ಪತ್ರೆಗಳಲ್ಲಿ ಡಾ. ದಿದಿಯೆ ಪಿಟೆ ಮತ್ತು ಸಂಗಡಿಗರು 1994ರಲ್ಲಿ ಪರಿಶೀಲಿಸಿದಾಗ, ತೊಳೆಯಬೇಕಾದ ಸಂದರ್ಭಗಳಲ್ಲಿ ಶೇಕಡಾ 48ರಷ್ಟು ಮಾತ್ರ ಕೈಯ ಶುಚಿತ್ವ ಪಾಲನೆಯಾಗುತ್ತಿತ್ತು. ದಾದಿಯರಿಗಿಂತ ವೈದ್ಯರು ಹಿಂದೆ ಇದ್ದರು. ಕೆಲಸದ ಒತ್ತಡ ಹೆಚ್ಚಿದಷ್ಟೂ ಪಾಲನೆ ಕಡಿಮೆಯಾಗುತ್ತಿತ್ತು. ಅವರು ಬರಿಯ ಉಪದೇಶ ಮಾಡಲಿಲ್ಲ; ಆಲ್ಕೋಹಾಲಿನ ಬಾಟಲಿಯನ್ನು ಮಂಚದ ಬಳಿಗೇ ತಂದರು, ಗೋಡೆಗಳಿಗೆ ಭಿತ್ತಿಚಿತ್ರ ಹಚ್ಚಿದರು, ಎಷ್ಟು ಪಾಲನೆಯಾಯಿತೆಂಬ ಲೆಕ್ಕವನ್ನು ಸಿಬ್ಬಂದಿಗೇ ತೋರಿಸಿದರು. 1997ರ ಹೊತ್ತಿಗೆ ಪಾಲನೆ ಶೇಕಡಾ 66ಕ್ಕೆ ಏರಿತು. ಆಸ್ಪತ್ರೆಯ ಸೋಂಕು ಶೇಕಡಾ 16.9ರಿಂದ 1998ರಲ್ಲಿ ಶೇಕಡಾ 9.9ಕ್ಕೆ ಇಳಿಯಿತು.

ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮವಾದದ್ದು. ವಿದ್ಯಾರ್ಥಿಯು ಪುಸ್ತಕದಿಂದ ಕಲಿಯುವುದು ಒಂದು. ಹಿರಿಯರ ಬೆನ್ನ ಹಿಂದೆ ನಡೆಯುತ್ತ ಕಲಿಯುವುದು ಇನ್ನೊಂದು. ತಂಡದ ಮುಂದಾಳಾದ ಹಿರಿಯ ವೈದ್ಯರು ಕೈ ತೊಳೆಯದೆ ರೋಗಿಯನ್ನು ಮುಟ್ಟಿದರೆ, ಹಿಂದಿನ ಹತ್ತು ಮಂದಿಯೂ ತೊಳೆಯುವುದಿಲ್ಲ. ಅವರು ತೊಳೆದರೆ, ಯಾರೂ ಹೇಳದೆಯೇ ಹತ್ತು ಕೈಗಳು ಬಾಟಲಿಯತ್ತ ಚಾಚುತ್ತವೆ. ಅಮೆರಿಕೆಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿಕೊಟ್ಟಿದೆ. ನಮ್ಮ ದೇಶದ ವೈದ್ಯಕೀಯ ಪಠ್ಯಕ್ರಮದಲ್ಲಿ 2019ರಿಂದ ಮೊದಲ ವರ್ಷದ ಆರಂಭದಲ್ಲೇ ಬುನಾದಿ ತರಗತಿಯನ್ನಿಟ್ಟು, ಸೋಂಕು ತಡೆಯ ಮುನ್ನೆಚ್ಚರಿಕೆಗಳನ್ನೂ ಆಸ್ಪತ್ರೆ ತ್ಯಾಜ್ಯದ ವಿಲೇವಾರಿಯನ್ನೂ ಅದರಲ್ಲಿ ಸೇರಿಸಿದ್ದು ಸ್ವಾಗತಾರ್ಹ. ಆದರೆ ತರಗತಿಯಲ್ಲಿ ಬಿತ್ತಿದ ಬೀಜಕ್ಕೆ ವಾರ್ಡಿನಲ್ಲಿ ನೀರೆರೆಯುವವರಿಲ್ಲದಿದ್ದರೆ ಫಲ ದೊರೆಯದು.

ಕೈಗವಸು, ಕೋಟು, ಸ್ಟೆತಸ್ಕೋಪು

ಕೈಗವಸು ತೊಟ್ಟರೆ ಕೈ ತೊಳೆಯಬೇಕಿಲ್ಲವೆಂಬುದು ವಿದ್ಯಾರ್ಥಿಗಳಲ್ಲಿರುವ ದೊಡ್ಡ ಭ್ರಮೆ. ಕೈಗವಸಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರಬಹುದು. ತೆಗೆಯುವಾಗ ಹೊರಮೈಯ ಕೊಳೆ ಕೈಗೆ ತಗಲಬಹುದು. ಒಂದೇ ಕೈಗವಸಿನಲ್ಲಿ ಇಬ್ಬರು ರೋಗಿಗಳನ್ನು ಮುಟ್ಟುವವನು ತನ್ನನ್ನು ಮಾತ್ರ ರಕ್ಷಿಸಿಕೊಂಡು ರೋಗಿಯನ್ನು ಕೈಬಿಟ್ಟಂತೆ.

ಬಿಳಿಕೋಟು ವೈದ್ಯನ ಗೌರವದ ಚಿಹ್ನೆ ನಿಜ. ಆದರೆ ಅದರ ತೋಳಿನ ಅಂಚು ರೋಗಿಯಿಂದ ರೋಗಿಗೆ ಉಜ್ಜುತ್ತ ಹೋಗುತ್ತದೆ. ಅದೇ ಕೋಟಿನಲ್ಲಿ ಕ್ಯಾಂಟೀನಿಗೂ ಬಸ್ಸಿಗೂ ಹೋಗುವ ವಿದ್ಯಾರ್ಥಿಗಳು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಇಂಗ್ಲೆಂಡಿನಲ್ಲಿ 2007ರಲ್ಲಿ, ರೋಗಿಯನ್ನು ಮುಟ್ಟುವ ಸಿಬ್ಬಂದಿಯ ಮೊಣಕೈಯಿಂದ ಕೆಳಗೆ ತೋಳಾಗಲಿ ಕೈಗಡಿಯಾರವಾಗಲಿ ಇರಕೂಡದೆಂಬ ನೀತಿಯನ್ನು ಪ್ರಕಟಿಸಿದರು. ಸ್ಟೆತಸ್ಕೋಪಿನ ಕಥೆಯೂ ಇದೇ. ಜಿನೀವಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬ ರೋಗಿಯನ್ನು ಪರೀಕ್ಷಿಸಿದ ಬಳಿಕ ಸ್ಟೆತಸ್ಕೋಪಿನ ಬಿಲ್ಲೆಯ ಮೇಲಿದ್ದ ಬ್ಯಾಕ್ಟೀರಿಯಗಳು ಬೆರಳ ತುದಿಗಿಂತ ಕಡಿಮೆಯಿದ್ದರೂ ಕೈಯ ಉಳಿದ ಭಾಗಗಳಿಗಿಂತ ಹೆಚ್ಚಾಗಿದ್ದವು. ಆಲ್ಕೋಹಾಲಿನಿಂದ ಅದನ್ನು ಒರೆಸಲು ಕೆಲವೇ ಸೆಕೆಂಡು ಸಾಕು. ಇಂದಿನ ವಿದ್ಯಾರ್ಥಿಯ ಕೈಯಲ್ಲಿ ಸದಾ ಇರುವ ಮೊಬೈಲ್ ಫೋನಿಗೂ ಈ ಮಾತು ಅನ್ವಯಿಸುತ್ತದೆ.

ಸೂಜಿಯ ತುದಿ

ಸೋಂಕು ತಡೆಯು ರೋಗಿಗಾಗಿ ಮಾತ್ರವಲ್ಲ. ರಕ್ತ ತೆಗೆದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವುದು ಹೊಸ ಕೈಗಳಿಗೆ ಒದಗುವ ಸಾಮಾನ್ಯ ಅಪಾಯ. ಸೋಂಕಿತ ರೋಗಿಯ ಸೂಜಿಯಿಂದ ಹೆಪಟೈಟಿಸ್ ಬಿ ತಗಲುವ ಸಂಭವ, ಲಸಿಕೆ ಪಡೆಯದವರಲ್ಲಿ, ಶೇಕಡಾ 6ರಿಂದ 30ರವರೆಗೆ. ಎಚ್‌ಐವಿ ತಗಲುವ ಸಂಭವ ಸುಮಾರು ಶೇಕಡಾ 0.3. ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳನ್ನು 0, 1, 6 ತಿಂಗಳ ಕ್ರಮದಲ್ಲಿ ಪಡೆಯದೆ ಯಾವ ವಿದ್ಯಾರ್ಥಿಯೂ ವಾರ್ಡಿಗೆ ಕಾಲಿಡಬಾರದು. ಚುಚ್ಚಿಕೊಂಡರೆ ಬೆರಳನ್ನು ಹಿಂಡಬಾರದು, ಬಾಯಿಗಿಡಬಾರದು; ಸಾಬೂನು ನೀರಿನಲ್ಲಿ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆಯ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ, ಆರಂಭಿಸಿ 28 ದಿನ ಸೇವಿಸಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವ ವಿದ್ಯಾರ್ಥಿಗಳು ಇದ್ದಾರೆ. ಆದುದರಿಂದ, ವರದಿ ಮಾಡಿದವರನ್ನು ಬೈಯದಿರುವುದೂ ಅಧ್ಯಾಪಕರ ಮಟ್ಟಿಗೆ ಸೋಂಕು ತಡೆಯ ಒಂದು ಕ್ರಮವೇ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ ಮೊದಲಾದ ಹರಿತ ವಸ್ತುಗಳು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ, ರಕ್ತ ಹತ್ತಿದ ಬಟ್ಟೆ ಹತ್ತಿಗಳು ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೊಳವೆ ಕೈಗವಸುಗಳು ಕೆಂಪು ಚೀಲಕ್ಕೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ ಹೋಗಬೇಕು. ತಪ್ಪು ಚೀಲಕ್ಕೆ ಎಸೆದ ಸೂಜಿ ಚುಚ್ಚುವುದು ಎಸೆದವನಿಗಲ್ಲ, ಅದನ್ನು ಹೊತ್ತೊಯ್ಯುವ ಬಡ ಕೆಲಸಗಾರಳಿಗೆ.

ಮಡಿಯೂ ಶುಚಿಯೂ

ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸಾ ಕೋಣೆಯ ನಿಯಮಗಳನ್ನು ವಿವರಿಸುವಾಗ ನಾನು ಮನೆಯ ಹಿರಿಯರ ಮಡಿಯನ್ನು ನೆನಪಿಸುವುದುಂಟು. ಮಡಿಯುಟ್ಟವರು ಏನನ್ನು ಮುಟ್ಟಿದರೆ ಮಡಿ ಕೆಡುತ್ತದೆಂದು ಅಜ್ಜಿಗೆ ಕ್ಷಣಕ್ಷಣವೂ ಎಚ್ಚರವಿರುತ್ತಿತ್ತು. ಶಸ್ತ್ರವೈದ್ಯನಿಗೂ ಬೇಕಾದದ್ದು ಅಂತಹುದೇ ಎಚ್ಚರ. ಆದರೆ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಮಡಿಯು ಮುಟ್ಟಿದವರು ಯಾರು ಎಂದು ಕೇಳಿತು. ಅದರಿಂದ ನಮ್ಮ ಸಮಾಜಕ್ಕೆ ಆದ ಅನ್ಯಾಯ ಸಣ್ಣದಲ್ಲ. ವಿಜ್ಞಾನವು ಕೇಳುವುದು, ಈ ಕೈ ಸ್ವಲ್ಪ ಹೊತ್ತಿನ ಹಿಂದೆ ಏನನ್ನು ಮುಟ್ಟಿತ್ತು ಎಂದು. ರೋಗಾಣುವಿಗೆ ಜಾತಿಯಿಲ್ಲ, ಪದವಿಯಿಲ್ಲ. ವಿಯೆನ್ನಾದಲ್ಲಿ ಸಾವನ್ನು ಹೊತ್ತು ತಂದದ್ದು ಅತ್ಯಂತ ಓದಿದವರ ಕೈ. ಓದು ಕಡಿಮೆಯಿದ್ದ ಸೂಲಗಿತ್ತಿಯರ ಕೈಯಲ್ಲಿ ತಾಯಂದಿರು ಬದುಕಿದ್ದರು.

ಮನೆಯವರ ಪಾತ್ರ

2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಕೋಝಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ಕಾಯಿಲೆ ಕಾಣಿಸಿಕೊಂಡಿತು. ಆಗ ಹೆಚ್ಚಿನವರಿಗೆ ಅದು ಅಂಟಿದ್ದು ಊರಿನಲ್ಲಲ್ಲ, ಆಸ್ಪತ್ರೆಯೊಳಗೆ. ರೋಗಿಯ ಶುಶ್ರೂಷೆ ಮಾಡಿದ ಪೇರಾಂಬ್ರದ ದಾದಿ ಲಿನಿ ಅವರು ಅದಕ್ಕೆ ಬಲಿಯಾದರು. ಸೋಂಕಿಗೆ ಒಳಗಾದವರಲ್ಲಿ ರೋಗಿಗಳ ಜೊತೆಗಿದ್ದವರೂ, ನೋಡಲು ಬಂದವರೂ ಇದ್ದರು. 2020ರಲ್ಲಿ ಕೋವಿಡ್ ಬಂದಾಗ ನಮ್ಮ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವೇ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಮನೆಮನೆಯಲ್ಲೂ ಅಂದು ಕಲಿತ ಕೈಯ ಅಭ್ಯಾಸವು ಇಂದು ಸಡಿಲಗೊಂಡಿದೆ.

ಕೇರಳದ ಆಸ್ಪತ್ರೆಗಳಲ್ಲಿ ‘ಬೈಸ್ಟ್ಯಾಂಡರ್’ ಎಂದು ಕರೆಯಲಾಗುವ, ರೋಗಿಯ ಜೊತೆಗಿರುವ ಬಂಧುಗಳು ನಾವೇ ತಾನೇ? ಆಸ್ಪತ್ರೆಗೆ ಹೊಗ್ಗುವಾಗ, ಹೊರಡುವಾಗ, ರೋಗಿಗೆ ಗಂಜಿ ಕೊಡುವ ಮೊದಲು ನಾವೂ ಕೈ ತೊಳೆಯೋಣ. ಪಕ್ಕದ ಮಂಚದ ಮೇಲೆ ಕುಳಿತುಕೊಳ್ಳುವುದನ್ನು ಬಿಡೋಣ. ಕೆಮ್ಮು ನೆಗಡಿ ಇರುವಾಗ, ಎಷ್ಟೇ ಆತ್ಮೀಯರಿರಲಿ, ನೋಡಲು ಹೋಗುವುದನ್ನು ಮುಂದೂಡೋಣ. ಫೋನಿನಲ್ಲಿ ವಿಚಾರಿಸಿದರೆ ಯಾರೂ ತಪ್ಪು ತಿಳಿಯಲಾರರು. ಪುಟ್ಟ ಮಕ್ಕಳನ್ನು ಕರೆದೊಯ್ಯದಿರೋಣ. “ಡಾಕ್ಟ್ರೇ, ಒಮ್ಮೆ ಕೈ ತೊಳೆದುಕೊಂಡು ನೋಡಬಹುದಾ?” ಎಂದು ವಿನಯದಿಂದ ಕೇಳುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ಕನ್ನಡ, ತುಳು ಮಾತ್ರ ಬಲ್ಲ ನಮ್ಮ ಹಿರಿಯರು ಭಾಷೆ ಬಾರದ ಸಂಕೋಚದಿಂದ ಆಸ್ಪತ್ರೆಯಲ್ಲಿ ಸುಮ್ಮನಾಗುತ್ತಾರೆ. ಅವರ ಪರವಾಗಿ ಈ ಮಾತನ್ನು ಕೇಳುವುದು ಓದಿದ ಮಕ್ಕಳ ಕರ್ತವ್ಯ.

ಕನ್ನಡದಲ್ಲಿ ‘ಕೈತೊಳೆದುಕೊಳ್ಳುವುದು’ ಎಂದರೆ ಹೊಣೆಯನ್ನು ಬಿಟ್ಟುಬಿಡುವುದು ಎಂಬ ಅರ್ಥ ರೂಢಿಯಲ್ಲಿದೆ. ಆಸ್ಪತ್ರೆಯಲ್ಲಿ ಅದರ ಅರ್ಥ ತಿರುಗುಮುರುಗಾಗುತ್ತದೆ. ಅಲ್ಲಿ ಕೈ ತೊಳೆಯುವವನೇ ಹೊಣೆಯನ್ನು ಹೊತ್ತವನು. ವೈದ್ಯ ವಿದ್ಯಾರ್ಥಿಗಳಾಗಿರುವ ನಮ್ಮ ಊರಿನ ಮಕ್ಕಳು ಈ ಅರ್ಥವನ್ನು ಉಳಿಸಿಕೊಳ್ಳಲಿ. ಐವತ್ತು ವರ್ಷಗಳಿಂದ ಗಡಿನಾಡಿನ ಮಕ್ಕಳಿಗೆ ಕನ್ನಡದಲ್ಲಿ ಬದುಕಿನ ಪಾಠ ಹೇಳಿಕೊಟ್ಟಿರುವ ನಮ್ಮ ಶಾಲೆಯು ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.